ಕೂಡಿ ಕಟ್ಟುವ ಭಾಷೆಗೆ ಎಣಿಕೆಯ ಪದಗಳನ್ನು ರೂಪಿಸುವ ಬಗೆ

ಹಲವರು ಕೂಡಿ ಹೊಸದೊಂದು ಭಾಷೆಯನ್ನು ಕಟ್ಟಲು ಕುಳಿತಾಗ ಎಲ್ಲಕ್ಕಿಂತ ಮೊದಲು ಮುಗಿಯಬೇಕಾದ ಕೆಲಸ ಎಣಿಕೆಯ ಪದಗಳದ್ದು ಎಂದು ತೋರುತ್ತದೆ. ಎಲ್ಲಕ್ಕಿಂತ ಹೆಚ್ಚು ಎಳೆದಾಟಕ್ಕೆ ಸಿಕ್ಕುವುದೂ ಅದೇ. ಗುಂಪಿನಲ್ಲಿರುವ ಪ್ರತಿಯೊಬ್ಬರೂ ತಮಗೆ ಇಂಪಾಗಿ ಕೇಳಿಸುವ ಹತ್ತು ಪದಗಳನ್ನು ಬರೆದು ತರುತ್ತಾರೆ, ಯಾರ ‘ಮೂರು’ ಚೆಂದ ಎಂಬ ಚರ್ಚೆಯಲ್ಲಿ ಸಂಜೆ ಕಳೆಯುತ್ತದೆ, ಇಪ್ಪತ್ಮೂರನ್ನು ಹೇಗೆ ಹೇಳಬೇಕೆಂಬ ಪ್ರಶ್ನೆ ಯಾರಿಗೂ ಹೊಳೆದೇ ಇರುವುದಿಲ್ಲ. ಈ ಲೇಖನ ಸೂಚಿಸುವ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು. ಮೊದಲು ಒಂದೂ ಹೊಸ ಪದವಿಲ್ಲದೆ ಸಂಖ್ಯೆಗಳ ಕಟ್ಟಣೆಯನ್ನು ನಿಶ್ಚಯಿಸಬೇಕು, ಆಮೇಲೆ ಆ ಕಟ್ಟಣೆಗೆ ತಕ್ಕ ಧ್ವನಿಗಳನ್ನು ಆರಿಸಬೇಕು, ಕೊನೆಗೆ ಕಿವಿಯ ಪರೀಕ್ಷೆಯಲ್ಲಿ ಗೆದ್ದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗುಂಪುಗಳಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ಇಲ್ಲಿನ ಸಂತೆಯಲ್ಲಿ ಒಂದೇ ಬೆಲೆಯನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ಕೇಳಬಹುದು, ಮತ್ತು ಈ ಮೂರು ಭಾಷೆಗಳು ಸಂಖ್ಯೆಯನ್ನು ಕಟ್ಟುವ ರೀತಿ ಒಂದೇ ಅಲ್ಲ. ಪುಸ್ತಕಗಳಲ್ಲಿ ಓದಿ ತಿಳಿಯಬೇಕಾದ ಬಹಳಷ್ಟು ವಿಷಯ ನಮಗೆ ತರಕಾರಿ ಮಾರುಕಟ್ಟೆಯಲ್ಲಿಯೇ ಸಿಗುತ್ತದೆ. ಆದ್ದರಿಂದ ಗುಂಪನ್ನು ಕೂಡಿಸುವಾಗಲೇ ಈ ಮೂರೂ ಮನೆಮಾತಿನವರು ಅದರಲ್ಲಿರುವಂತೆ ನೋಡಿಕೊಳ್ಳಿರಿ.

ಮೊದಲ ಹೆಜ್ಜೆ: ಎಣಿಕೆ ಯಾವುದಕ್ಕೆ ಬೇಕು?

ನಿಮ್ಮ ಭಾಷೆಯಲ್ಲಿ ಜನ ಏನನ್ನು ಎಣಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫೋನ್ ನಂಬರು ಹೇಳಬೇಕೆ, ಹಣದ ಲೆಕ್ಕ ಬೇಕೆ, ಇಸವಿ ಮತ್ತು ತಾರೀಖು ಬೇಕೆ, ಗಣಿತ ಕಲಿಸುವ ಉದ್ದೇಶವಿದೆಯೆ, ಅಥವಾ ಕತೆ ಹೇಳುವುದಷ್ಟೇ ಸಾಕೆ? ಸೋನ್ಯಾ ಲ್ಯಾಂಗ್ 2001ರಲ್ಲಿ ಪ್ರಕಟಿಸಿದ, ತಾವೇ ಕಟ್ಟಿದ ಟೋಕಿ ಪೋನಾ ಭಾಷೆಯಲ್ಲಿ ಒಂದು, ಎರಡು, ಬಹಳ ಎಂಬ ಮೂರು ಪದಗಳಿಂದಲೇ ಮೂಲ ಎಣಿಕೆ ಮುಗಿಯುತ್ತದೆ. ಹೆಚ್ಚು ಬೇಕಾದವರು ಕೈ ಎಂಬ ಅರ್ಥದ ‘ಲುಕಾ’ವನ್ನು ಐದಕ್ಕೆ, ‘ಮುತೆ’ಯನ್ನು ಇಪ್ಪತ್ತಕ್ಕೆ, ‘ಅಲೆ’ಯನ್ನು ನೂರಕ್ಕೆ ಬಳಸುತ್ತಾರೆ. ಅಲ್ಪದಲ್ಲಿ ಬದುಕುವುದೇ ಆ ಭಾಷೆಯ ಗುರಿಯಾದ್ದರಿಂದ ಅಲ್ಲಿ ಅದು ಸರಿ. ನಿಮ್ಮ ಗುರಿ ಸಂತೆಯ ಲೆಕ್ಕವಾಗಿದ್ದರೆ ಅದನ್ನು ಅನುಸರಿಸಲು ಬರುವುದಿಲ್ಲ. ಗುರಿಯ ಬಗ್ಗೆ ಒಮ್ಮತವಿಲ್ಲದೆ ಮುಂದೆ ಹೋದರೆ ನಂತರದ ಪ್ರತಿಯೊಂದು ವಾದವೂ ಇದೇ ಪ್ರಶ್ನೆಗೆ ಮರಳಿ ಬರುತ್ತದೆ.

ಎರಡನೆಯ ಹೆಜ್ಜೆ: ಯಾವ ಗುಂಪಿನಲ್ಲಿ ಎಣಿಸುವುದು?

ಹತ್ತು ಬೆರಳಿನಿಂದ ಹತ್ತರ ಎಣಿಕೆ ಬಂದಿತು. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ನಡುವಿನ ಭಾಗಗಳನ್ನು ಮುಟ್ಟುತ್ತ ಎಣಿಸಿದರೆ ಒಂದು ಕೈಯಲ್ಲಿ ಹನ್ನೆರಡು ಸಿಗುತ್ತದೆ. ಕೈಕಾಲುಗಳ ಬೆರಳೆಲ್ಲ ಸೇರಿದರೆ ಇಪ್ಪತ್ತು. ಅಲಾಸ್ಕದ ಕಾಕ್ಟೋವಿಕ್ ಎಂಬ ಊರಿನ ಶಾಲಾಮಕ್ಕಳು 1990ರ ದಶಕದಲ್ಲಿ ತಮ್ಮ ಇನುಪಿಯಾಕ್ ಭಾಷೆಯ ಇಪ್ಪತ್ತರ ಎಣಿಕೆಗೆ ಹೊಂದುವ ಅಂಕೆಗಳನ್ನು ತಾವೇ ಕೂಡಿ ರೂಪಿಸಿದರು. 2022ರಲ್ಲಿ ಆ ಅಂಕೆಗಳು ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೆ ಜಾಗ ಕೊಡುವ ಯೂನಿಕೋಡ್‌ನಲ್ಲಿ ಸೇರಿದವು. ನಮ್ಮಂಥ ಗುಂಪುಗಳು ಗಮನಿಸಬೇಕಾದ ಸಂಗತಿಯೆಂದರೆ, ಆ ಮಕ್ಕಳು ಗುರುತುಗಳನ್ನು ಬರೆಯುವ ಮೊದಲು ಅವು ಹೇಗಿರಬೇಕು ಎಂಬ ಗುಣಗಳನ್ನು ಗೊತ್ತುಮಾಡಿಕೊಂಡರು.

ಹನ್ನೆರಡರ ಎಣಿಕೆಯನ್ನು ಮೂರರಿಂದಲೂ ನಾಲ್ಕರಿಂದಲೂ ಸಮನಾಗಿ ಭಾಗಿಸಬಹುದು ಎಂಬ ಕಾರಣಕ್ಕೆ ಅದನ್ನು ಮೆಚ್ಚುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ನನ್ನ ಸಲಹೆ ಹತ್ತರಲ್ಲಿಯೇ ಉಳಿಯಿರಿ ಎಂಬುದು. ಬಳಸುವವರ ತಲೆಯಲ್ಲಿ, ಜೇಬಿನ ನೋಟಿನಲ್ಲಿ, ಫೋನಿನ ಪರದೆಯ ಮೇಲೆ ಹತ್ತರ ಎಣಿಕೆಯೇ ಇರುವಾಗ ಪ್ರತಿ ಸಂಖ್ಯೆಗೂ ಲೆಕ್ಕ ಬದಲಿಸುವ ಹೊರೆ ಹೊಸ ಭಾಷೆಯ ಮೇಲಿನ ಪ್ರೀತಿಯನ್ನೇ ತಿನ್ನುತ್ತದೆ. ಕಲ್ಪಿತ ಲೋಕವೊಂದರ ಜನರಿಗಾಗಿ ಭಾಷೆ ಕಟ್ಟುತ್ತಿದ್ದರೆ ಮಾತು ಬೇರೆ.

ಮೂರನೆಯ ಹೆಜ್ಜೆ: ಕನ್ನಡದ ಪದಗಳನ್ನೇ ಇಟ್ಟು ಕಟ್ಟಣೆಯನ್ನು ನಿಲ್ಲಿಸುವುದು

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿರಿ. ಹೊಸ ಪದ ಯಾವುದನ್ನೂ ತರದೆ, ಒಂದರಿಂದ ಒಂಬತ್ತು, ಹತ್ತು, ನೂರು, ಸಾವಿರ ಎಂಬ ಕನ್ನಡದ ಪದಗಳನ್ನೇ ತಾತ್ಕಾಲಿಕವಾಗಿ ಇಟ್ಟುಕೊಂಡು, 7, 10, 14, 23, 40, 99, 105, 150, 1005, 1956 ಇವುಗಳನ್ನು ನಿಮ್ಮ ಭಾಷೆಯ ನಿಯಮದಂತೆ ಹೇಳಿ ನೋಡಿರಿ. ‘ಎರಡು ಹತ್ತು ಮೂರು’ ಎಂದು ಹೇಳಬೇಕೋ, ‘ಮೂರು ಎರಡು ಹತ್ತು’ ಎಂದೋ, ಬರಿಯ ‘ಎರಡು ಮೂರು’ ಎಂದೋ ಎಂಬುದು ಆಗ ನಿಚ್ಚಳವಾಗುತ್ತದೆ. ಧ್ವನಿಯ ಮೋಹ ಇನ್ನೂ ಅಂಟಿಕೊಂಡಿರದ ಕಾರಣ ಚರ್ಚೆ ತರ್ಕಬದ್ಧವಾಗಿ ಸಾಗುತ್ತದೆ.

ಮೊದಲು ತೀರ್ಮಾನವಾಗಬೇಕಾದದ್ದು ಹತ್ತು ಮತ್ತು ಬಿಡಿಗಳ ಕ್ರಮ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಅಷ್ಟೇ ಅಲ್ಲದೆ ಮರಾಠಿ, ಉರ್ದುಗಳಲ್ಲಿ ಬಿಡಿಯೂ ಹತ್ತೂ ಬೆಸೆದು ಹೋಗಿ ನೂರರವರೆಗಿನ ಹೆಚ್ಚುಕಡಿಮೆ ಪ್ರತಿ ಸಂಖ್ಯೆಯನ್ನೂ ಬಾಯಿಪಾಠ ಮಾಡಬೇಕಾಗುತ್ತದೆ. ‘ಬಾವನ್ನ’ ಎಂಬ ಪದದಲ್ಲಿ ಎರಡನ್ನೂ ಐವತ್ತನ್ನೂ ಬಿಡಿಸಿ ತೋರಿಸುವುದು ಮಗುವಿಗೆ ಸುಲಭವಲ್ಲ. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪಠ್ಯದಲ್ಲಿ ಇಪ್ಪತ್ತೊಂದನ್ನು ‘ವೀಸ ಏಕ’ ಎಂದು ಓದುವ ಪದ್ಧತಿಯನ್ನು ತಂದಾಗ ಅಲ್ಲಿ ದೊಡ್ಡ ವಿವಾದವೇ ನಡೆಯಿತು. ನಾರ್ವೆ ದೇಶ 1951ರಲ್ಲಿ ‘ಒಂದು ಮತ್ತು ಇಪ್ಪತ್ತು’ ಎಂಬ ಹಳೆಯ ಕ್ರಮವನ್ನು ಬಿಟ್ಟು ‘ಇಪ್ಪತ್ತೊಂದು’ ಎಂಬ ಕ್ರಮವನ್ನು ಅಧಿಕೃತಗೊಳಿಸಿತು. ದೂರವಾಣಿ ಸಂಖ್ಯೆಗಳನ್ನು ಹೇಳುವಾಗ ಆಗುತ್ತಿದ್ದ ಗೊಂದಲ ಅದರ ಹಿಂದಿದ್ದ ಮುಖ್ಯ ಕಾರಣ. ಇಷ್ಟು ವರ್ಷ ಕಳೆದರೂ ಅಲ್ಲಿ ಹಳೆಯ ಕ್ರಮ ಅಳಿದಿಲ್ಲ. ಆಡುಬಳಕೆಗೆ ಬಂದ ಮೇಲೆ ಸಂಖ್ಯೆಯ ಕ್ರಮವನ್ನು ಬದಲಿಸುವುದು ಸರ್ಕಾರಕ್ಕೂ ಕಷ್ಟ ಎಂಬುದನ್ನು ಇವೆರಡೂ ತೋರಿಸುತ್ತವೆ. ಬರೆಯುವಾಗ ದೊಡ್ಡ ಸ್ಥಾನ ಎಡಕ್ಕಿರುವುದರಿಂದ ಹೇಳುವಾಗಲೂ ದೊಡ್ಡದು ಮೊದಲು ಬರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಕೆ ಬರೆದುಕೊಳ್ಳುವವನ ಕೈ ಹೇಳುವವನ ಬಾಯಿಗಾಗಿ ಕಾಯಬೇಕಾಗುವುದಿಲ್ಲ.

ಎರಡನೆಯ ತೀರ್ಮಾನ, ಸ್ಥಾನಕ್ಕೆ ಹೆಸರು ಕೊಡಬೇಕೋ ಬೇಡವೋ ಎಂಬುದು. ‘ಎರಡು ಹತ್ತು ಮೂರು’ ಎನ್ನುವಾಗ ಹತ್ತು ಎಂಬ ಪದ ಸ್ಥಾನವನ್ನು ಹೆಸರಿಸುತ್ತದೆ. ಲೋಜ್ಬಾನ್ ಎಂಬ ಭಾಷೆಯಲ್ಲಿ, ಹಲವರು ಕೂಡಿ 1987ರಿಂದ ಬೆಳೆಸಿದ ಆ ತರ್ಕಭಾಷೆಯಲ್ಲಿ, ಸ್ಥಾನದ ಹೆಸರು ಬೇಕಾಗುವುದಿಲ್ಲ. ಎರಡಕ್ಕೆ ‘ರೆ’, ಮೂರಕ್ಕೆ ‘ಶಿ’, ಇಪ್ಪತ್ಮೂರಕ್ಕೆ ‘ರೆಶಿ’. ಕಾಗದದ ಮೇಲಿನ ಅಂಕೆಗಳನ್ನೇ ಬಾಯಲ್ಲಿ ಓದಿದಂತೆ. ನೋಡಲು ಬಹಳ ಸೊಗಸು, ಕಲಿಯಲು ಹತ್ತೇ ಪದ. ಬೇರೆ ಬೇರೆ ದೇಶದವರ ಸಮಾನ ಮಾತಿಗಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆ ಸ್ಥಾನವನ್ನು ಹೆಸರಿಸುವ ದಾರಿ ಹಿಡಿದಿದೆ. ಅಲ್ಲಿ ಇಪ್ಪತ್ಮೂರು ‘ದುದೆಕ್ ತ್ರಿ’. ಒಂಬತ್ತು ಬಿಡಿ ಪದಗಳು, ಜೊತೆಗೆ ಹತ್ತು, ನೂರು, ಸಾವಿರ ಎಂಬ ಮೂರು, ಒಟ್ಟು ಹನ್ನೆರಡು ಪದಗಳಿಂದ ಒಂದರಿಂದ 9,99,999ರ ತನಕ ಎಲ್ಲವನ್ನೂ ಹೇಳಬಹುದು.

ಕನ್ನಡಿಗರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಯೋಚಿಸಬೇಕು. ನಾವು ‘ಎರಡ್ಮೂರು ದಿನ’, ‘ನಾಲ್ಕೈದು ಮಂದಿ’ ಎನ್ನುತ್ತೇವೆ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅಂದಾಜು ಎಂಬ ಅರ್ಥ ನಮ್ಮಲ್ಲಿ ತಾನಾಗಿ ಹುಟ್ಟುತ್ತದೆ. ಮರಾಠಿ, ಉರ್ದು ಮಾತಾಡುವವರಿಗೂ ಇದೇ ರೂಢಿ. ಸ್ಥಾನದ ಹೆಸರಿಲ್ಲದ ಪದ್ಧತಿಯನ್ನು ಒಪ್ಪಿಕೊಂಡರೆ ‘ನಾಲ್ಕೈದು’ ಎಂಬುದು ನಲವತ್ತೈದಾಗುತ್ತದೆ. ಅತಿಥಿಗಳು ಎಷ್ಟು ಮಂದಿ ಬರುತ್ತಾರೆಂದು ಹೇಳುವಾಗ ಇದು ಸಣ್ಣ ವ್ಯತ್ಯಾಸವಲ್ಲ. ಆದ್ದರಿಂದ ನಮ್ಮ ಸೀಮೆಯ ಗುಂಪುಗಳು ಮಾತಿಗೆ ಸ್ಥಾನದ ಹೆಸರುಳ್ಳ ಪದ್ಧತಿಯನ್ನು ಇಟ್ಟುಕೊಂಡು, ಫೋನ್ ನಂಬರು, ಪಿನ್‌ಕೋಡು ಇವುಗಳಿಗೆ ಮಾತ್ರ ಅಂಕೆಗಳನ್ನು ಸಾಲಾಗಿ ಹೇಳುವ ರೂಢಿಯನ್ನು ಮಾಡುವುದು ಒಳ್ಳೆಯದು. ಸಾಲು ಅಂಕೆ ಶುರುವಾಗುತ್ತಿದೆ ಎಂದು ತಿಳಿಸಲು ಒಂದು ಸಣ್ಣ ಪದವನ್ನು ಮುಂದಿಟ್ಟರೆ ಅಲ್ಲಿಗೆ ಗೊಂದಲ ತೀರುತ್ತದೆ.

ಸ್ಥಾನಕ್ಕೆ ಹೆಸರಿದ್ದಾಗ ಸಿಗುವ ಬಲ ಎಂಥದ್ದೆಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿಯೇ ಸಾಕ್ಷಿಯಿದೆ. ಮೇಗುತಿ ಜಿನಾಲಯದ ಗೋಡೆಯ ಮೇಲಿರುವ ರವಿಕೀರ್ತಿಯ ಸಂಸ್ಕೃತ ಶಾಸನವು ತನ್ನ ಕಾಲವನ್ನು ಪದ್ಯದಲ್ಲಿ ಹೇಳುತ್ತದೆ. ಭಾರತ ಯುದ್ಧದಿಂದ ಈಚೆಗೆ ಕಳೆದ ವರ್ಷಗಳನ್ನು ಅದು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಎಣಿಸುತ್ತದೆ, ಕೂಡಿದರೆ 3735. ಶಕವರ್ಷವನ್ನು ಐವತ್ತು, ಆರು, ಐನೂರು ಎಂದು ಕೊಡುತ್ತದೆ. ಅದು ಶಕ 556, ಅಂದರೆ ಕ್ರಿ.ಶ. 634-35. ಛಂದಸ್ಸಿಗಾಗಿ ಕವಿ ಸಂಖ್ಯೆಯ ತುಂಡುಗಳನ್ನು ಹಿಂದುಮುಂದು ಮಾಡಿದ್ದರೂ ಸಾವಿರದ ನಾನ್ನೂರು ವರ್ಷಗಳ ಆಚೆಯಿಂದ ಮೊತ್ತ ಒಂದಿಷ್ಟೂ ಕೆಡದೆ ನಮಗೆ ತಲುಪಿದೆ, ಏಕೆಂದರೆ ಪ್ರತಿ ತುಂಡೂ ತನ್ನ ಸ್ಥಾನವನ್ನು ತಾನೇ ಹೊತ್ತಿದೆ. ಸಾಲು ಅಂಕೆಗಳನ್ನು ಹೀಗೆ ಅದಲುಬದಲು ಮಾಡಿದ್ದರೆ ಕಾಲನಿರ್ಣಯವೇ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ಭಾಷೆಯಲ್ಲಿ ಪದ್ಯ ಬರೆಯುವ ಆಸೆ ಯಾರಿಗಾದರೂ ಇದ್ದರೆ ಈ ಶಾಸನವನ್ನು ನೆನಪಿಡಿರಿ. ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನ ಶಕ 465ನ್ನು ಹೇಳುವಾಗ ನಾನೂರನ್ನು ಮೊದಲಿಟ್ಟು, ಉಳಿದ ಅರವತ್ತೈದನ್ನು ‘ಪಂಚಷಷ್ಟಿ’ ಎಂದು ಐದು ಮೊದಲಾಗಿ ಹೇಳುತ್ತದೆ. ಒಂದೇ ಸಂಖ್ಯೆಯೊಳಗೆ ಎರಡು ಕ್ರಮಗಳು ಬೆರೆಯುವುದನ್ನು ಅಲ್ಲಿ ಕಾಣಬಹುದು. ಕಟ್ಟಿದ ಭಾಷೆಯಲ್ಲಿ ಈ ಬೆರಕೆ ಬೇಡ.

ಮೂರನೆಯ ತೀರ್ಮಾನ ನಡುವಿನ ಖಾಲಿ ಸ್ಥಾನಗಳದ್ದು. ಚೀನೀ ಆಡುಮಾತಿನಲ್ಲಿ ‘ನೂರು ಐದು’ ಎಂಬರ್ಥದ ಮಾತು ನೂರೈವತ್ತನ್ನು ಸೂಚಿಸುತ್ತದೆ, ನೂರಾ ಐದನ್ನು ಹೇಳಲು ನಡುವೆ ‘ಲಿಂಗ್’ ಎಂಬ ಸೊನ್ನೆಯ ಪದವನ್ನು ಸೇರಿಸಬೇಕು. ಕನ್ನಡದ ಉಪಾಯ ಬೇರೆಯದು ಮತ್ತು ಬಹಳ ಸೂಕ್ಷ್ಮವಾದದ್ದು. ‘ನೂರು’ ಎಂದರೆ ಸಂಖ್ಯೆ ಅಲ್ಲಿಗೆ ಮುಗಿಯಿತು. ‘ನೂರಾ’ ಎಂದರೆ ಮುಂದೆ ಇನ್ನೂ ಇದೆ. ‘ಸಾವಿರ’ ಮುಗಿದ ಸಂಖ್ಯೆ. ‘ಸಾವಿರದ’ ಎಂದೊಡನೆ ಕೇಳುವವರು ಮುಂದಿನದಕ್ಕೆ ಕಿವಿಗೊಡುತ್ತಾರೆ. ‘ಸಾವಿರದ ಒಂಬೈನೂರಾ ಐವತ್ತಾರು’ ಎಂಬಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಮುಂದುವರಿಕೆಯ ಗುರುತಿದೆ. ಇಂಥ ಒಂದು ಅಂಟಿಕೆಯನ್ನು ನಿಮ್ಮ ಭಾಷೆಗೂ ಮಾಡಿಕೊಳ್ಳಿರಿ. ಫೋನಿನಲ್ಲಿ ದನಿ ನಡುವೆ ಕಡಿದಾಗ ಸಂಖ್ಯೆ ಪೂರ್ತಿ ಬಂದಿತೋ ಇಲ್ಲವೋ ಎಂಬುದು ಅದರಿಂದ ಗೊತ್ತಾಗುತ್ತದೆ. ಹೆಚ್ಚಿನ ಕಟ್ಟಿದ ಭಾಷೆಗಳಲ್ಲಿ ಈ ಸೌಲಭ್ಯವಿಲ್ಲ. ಕನ್ನಡಿಗರು ಕೊಡಬಹುದಾದ ನಿಜವಾದ ಕೊಡುಗೆ ಇದು ಎಂದು ನಾನು ನಂಬಿದ್ದೇನೆ.

ಕಳೆದು ಹೇಳುವ ಪದಗಳನ್ನು ದೂರವಿಡಿರಿ. ಮರಾಠಿಯಲ್ಲಿ ಹತ್ತೊಂಬತ್ತು ‘ಏಕೋಣೀಸ’, ಇಪ್ಪತ್ತೊಂಬತ್ತು ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದ ‘ಒಂಬತ್ತು’ ಕೂಡ ಹತ್ತಕ್ಕೆ ಒಂದು ಕಡಿಮೆ ಎಂಬುದರಿಂದ ಬಂದದ್ದು. ಹುಟ್ಟುಭಾಷೆಯಲ್ಲಿ ಇವು ಹಳೆಯ ಸೊಬಗು. ಹೊಸದಾಗಿ ಕಲಿಯುವವನು ಮಾತ್ರ ಮೂವತ್ತು ಎಂಬ ದನಿ ಕೇಳಿ ಇಪ್ಪತ್ತರ ಸಾಲಿನ ಅಂಕೆ ಬರೆಯಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ದೊಡ್ಡ ಸಂಖ್ಯೆಗಳು

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸಾವಿರದ ಮೇಲೆ ನಮ್ಮಲ್ಲಿ ಲಕ್ಷ, ಕೋಟಿ. ಪಶ್ಚಿಮದಲ್ಲಿ ಸಾವಿರದ ಸಾವಿರಕ್ಕೆ ಮಿಲಿಯನ್. ಚೀನಾ, ಜಪಾನುಗಳಲ್ಲಿ ಹತ್ತು ಸಾವಿರಕ್ಕೆ ಪ್ರತ್ಯೇಕ ಪದ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಇಪ್ಪತ್ನಾಲ್ಕು ಸ್ಥಾನಗಳಿಗೆ ಒಂದೊಂದು ಹೆಸರನ್ನು ಕೊಟ್ಟಿದ್ದರು. ಅಷ್ಟು ಹೆಸರು ಯಾರಿಗೂ ನೆನಪಿರುವುದಿಲ್ಲ, ಬೇಕಾಗುವುದೂ ಇಲ್ಲ. ಗುಂಪಿನವರೆಲ್ಲ ನಮ್ಮ ಕಡೆಯವರೇ ಆಗಿದ್ದರೆ ಲಕ್ಷ, ಕೋಟಿಗಳ ಸ್ಥಾನಕ್ಕೆ ಪದ ಮಾಡಿರಿ. ಹೊರದೇಶದವರೂ ಇದ್ದರೆ ಸಾವಿರದ ಸಾವಿರಕ್ಕೆ ಮಾಡಿರಿ. ಎರಡನ್ನೂ ಒಟ್ಟಿಗೆ ಇಡಬೇಡಿರಿ.

ಐದನೆಯ ಹೆಜ್ಜೆ: ಧ್ವನಿಗಳನ್ನು ಆರಿಸುವುದು

ಈಗ ಪದಗಳ ಸರದಿ. ಉಳಿದ ಪದಗಳಲ್ಲಿ ಒಂದು ಅಕ್ಷರ ತಪ್ಪಿ ಕೇಳಿಸಿದರೆ ವಾಕ್ಯದ ಅರ್ಥದಿಂದ ಸರಿಪಡಿಸಿಕೊಳ್ಳಬಹುದು. ಸಂಖ್ಯೆಗೆ ಆ ಆಸರೆಯಿಲ್ಲ. ‘ಮೂರು ರೂಪಾಯಿ’ಯೂ ಅರ್ಥವುಳ್ಳ ಮಾತು, ‘ನೂರು ರೂಪಾಯಿ’ಯೂ ಅರ್ಥವುಳ್ಳ ಮಾತು. ಗದ್ದಲದಲ್ಲಿ ಮೂರು, ಆರು, ನೂರು ಒಂದರಂತೆ ಒಂದು ಕೇಳಿಸುವುದು ನಮಗೆಲ್ಲ ಗೊತ್ತಿರುವ ತೊಡಕು. ಜರ್ಮನರು ಎರಡಕ್ಕೆ ‘ತ್ಸ್ವಾಯ್’ ಎನ್ನುತ್ತಾರೆ, ಮೂರಕ್ಕೆ ‘ದ್ರಾಯ್’. ಫೋನಿನಲ್ಲಿ ಇವು ಬೆರೆಯದಿರಲೆಂದು ಎರಡನ್ನು ‘ತ್ಸ್ವೋ’ ಎಂದು ಬದಲಿಸಿ ಹೇಳುತ್ತಾರೆ. ವಿಮಾನಯಾನದ ರೇಡಿಯೋ ಮಾತಿನಲ್ಲಿ ಇಂಗ್ಲಿಷಿನ ‘ನೈನ್’ ಎಂಬುದನ್ನು ‘ನೈನರ್’ ಎನ್ನುವುದೂ ಇದೇ ಕಾರಣಕ್ಕೆ. ಎಸ್ಪೆರಾಂಟೊದಲ್ಲಿ ಆರು ‘ಸೆಸ್’, ಏಳು ‘ಸೆಪ್’. ಕೊನೆಯ ವ್ಯಂಜನ ಸರಿಯಾಗಿ ಕೇಳಿಸದಿದ್ದರೆ ಎರಡೂ ಒಂದೇ. ಇನ್ನೂ ದೊಡ್ಡ ಅಪಾಯ ವೋಲಾಪ್ಯೂಕ್ ಎಂಬ ಇನ್ನೊಂದು ಕಟ್ಟಿದ ಭಾಷೆಯ ಮೊದಲ ರೂಪದಲ್ಲಿತ್ತು. ಅಲ್ಲಿ ಒಂದು ‘ಬಾಲ್’, ಹತ್ತು ‘ಬಾಲ್ಸ್’. ಎರಡು ‘ತೆಲ್’, ಇಪ್ಪತ್ತು ‘ತೆಲ್ಸ್’. ಕೊನೆಯ ಒಂದು ‘ಸ್’ ಕೇಳಿಸದೆ ಹೋದರೆ ಮೊತ್ತ ಹತ್ತು ಪಟ್ಟು ತಗ್ಗುತ್ತದೆ. 1931ರ ಪರಿಷ್ಕರಣೆಯಲ್ಲಿ ಹತ್ತಕ್ಕೆ ‘ದೆಗ್’ ಎಂಬ ಸ್ವತಂತ್ರ ಪದವನ್ನು ತಂದದ್ದು ತೀರ ಅಗತ್ಯವಾಗಿದ್ದ ತಿದ್ದುಪಡಿ.

ನಮ್ಮ ಗುಂಪಿನ ಬಾಯಿಗಳಿಗೆ ಯಾವ ಧ್ವನಿ ಸುರಕ್ಷಿತ ಎಂಬುದನ್ನು ಪಟ್ಟಿಮಾಡುವಾಗ ಸ್ಥಳೀಯ ಉಚ್ಚಾರವನ್ನು ಪ್ರಾಮಾಣಿಕವಾಗಿ ನೋಡಬೇಕು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಮನೆ’ ‘ಮನಿ’ಯಾಗುತ್ತದೆ, ಆದ್ದರಿಂದ ಪದದ ಕೊನೆಯ ಎ, ಇಗಳ ವ್ಯತ್ಯಾಸದ ಮೇಲೆ ಭಾರ ಹಾಕುವಂತಿಲ್ಲ. ‘ನಾಲ್ಕು’ ‘ನಾಕ್’ ಆಗುತ್ತದೆ, ‘ಹತ್ತು’ ‘ಹತ್ತ್’ ಆಗುತ್ತದೆ, ಆದ್ದರಿಂದ ಕೊನೆಯ ಉಕಾರವನ್ನೂ ನಂಬುವಂತಿಲ್ಲ. ಮರಾಠಿಯವರಿಗೆ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆಯಲ್ಲ. ಅವರ ಚಕಾರ, ಜಕಾರಗಳಿಗೆ ಎರಡೆರಡು ಉಚ್ಚಾರಗಳಿವೆ. ಉರ್ದು ಮಾತಾಡುವವರಿಗೆ ಳಕಾರ, ಣಕಾರ ಸಹಜವಲ್ಲ. ಮಹಾಪ್ರಾಣಗಳ ವಿಷಯದಲ್ಲಿ ಕನ್ನಡಿಗರಾದ ನಾವೇ ಅಷ್ಟೇನೂ ಗಟ್ಟಿಗರಲ್ಲ. ಇವನ್ನೆಲ್ಲ ಬದಿಗಿಟ್ಟರೆ ಆ, ಈ, ಊ, ಏ, ಓ ಎಂಬ ಐದು ಸ್ವರಗಳೂ ಕ, ಗ, ತ, ದ, ಪ, ಬ, ಮ, ನ, ರ, ಲ, ಸ ಎಂಬ ವ್ಯಂಜನಗಳೂ ಉಳಿಯುತ್ತವೆ. ಸೊನ್ನೆ ಸೇರಿ ಹತ್ತು ಅಂಕೆಗಳಿಗೆ ಇಷ್ಟು ಧಾರಾಳವಾಗಿ ಸಾಕು.

ಐದು ಸ್ವರಗಳನ್ನು ಹತ್ತು ಪದಗಳಿಗೆ ಹಂಚಿದರೆ ಪ್ರತಿ ಸ್ವರಕ್ಕೆ ಎರಡು ಪದ ಬರುತ್ತವೆ. ಒಂದೇ ಸ್ವರವುಳ್ಳ ಆ ಜೋಡಿಯಲ್ಲಿ ವ್ಯಂಜನಗಳು ಪರಸ್ಪರ ದೂರವಿರಬೇಕು ಎಂಬುದು ನಿಯಮ. ಪಾ ಮತ್ತು ಸಾ, ಬೀ ಮತ್ತು ಲೀ, ತೂ ಮತ್ತು ರೂ, ದೇ ಮತ್ತು ಮೇ, ಕೋ ಮತ್ತು ನೋ ಎಂದು ಇಟ್ಟರೆ ಜೋಡಿಗಳೊಳಗೆ ಗೊಂದಲ ಬಹಳ ಕಡಿಮೆ. ಪ ಮತ್ತು ಬ, ತ ಮತ್ತು ದ ಹತ್ತಿರದ ಧ್ವನಿಗಳೇ ಆದರೂ ಅವುಗಳ ಸ್ವರ ಬೇರೆಯಾದ್ದರಿಂದ ಕಿವಿಗೆ ಆಸರೆ ಸಿಗುತ್ತದೆ. ಲೋಜ್ಬಾನ್ ಇನ್ನೊಂದು ಜಾಣತನ ಮಾಡಿದೆ. ಒಂದರಿಂದ ಐದರವರೆಗಿನ ಅದರ ಪದಗಳು ಪ, ರೆ, ಶಿ, ವೊ, ಮು ಎಂದು ಸ್ವರಗಳ ಕ್ರಮದಲ್ಲಿಯೇ ಸಾಗುವುದರಿಂದ ಕಲಿಯುವವನಿಗೆ ಸರಣಿ ನೆನಪಿನಲ್ಲಿ ನಿಲ್ಲುತ್ತದೆ. ಸರಣಿಯ ಸ್ವರಗಳನ್ನು ಜೋಡಿಸುವಾಗ ಪಕ್ಕಪಕ್ಕದ ಸಂಖ್ಯೆಗಳಿಗೆ ಒಂದೇ ಸ್ವರ ಬಾರದಂತೆ ನೋಡಿಕೊಳ್ಳಿರಿ, ಏಕೆಂದರೆ ಆರರ ಬದಲು ಏಳು ಎಂದು ಕೇಳಿಸಿದ್ದು ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ.

ಒಂದೇ ಅಕ್ಷರದ ಪದ ಸಾಕೆ ಎಂದು ಕೇಳಬಹುದು. ಲೋಜ್ಬಾನಿಗೆ ಸಾಕು, ಬೆಳಗಾವಿಯಲ್ಲಿ ಸಾಲದು. ನಾವು ಮಾತಿನ ನಡುವೆ ಭಾಷೆ ಬದಲಿಸುವ ಜನ. ಮರಾಠಿಯಲ್ಲಿ ‘ಮೀ’ ಎಂದರೆ ನಾನು, ‘ತೂ’ ಎಂದರೆ ನೀನು, ‘ಕಾ’ ಎಂದರೆ ಏಕೆ, ‘ಹೋ’ ಎಂದರೆ ಹೌದು. ಉರ್ದುವಿನಲ್ಲಿ ‘ಸೇ’, ‘ನೇ’ಗಳು ವಿಭಕ್ತಿಯಂತೆ ಬರುತ್ತವೆ. ಹೀಗಾಗಿ ಎರಡಕ್ಷರದ ಪದಗಳನ್ನೇ ಮಾಡಿ, ಎರಡನೆಯ ಅಕ್ಷರಕ್ಕೆ ಆಕಾರ ಅಥವಾ ಓಕಾರವನ್ನು ಕೊಟ್ಟರೆ ಕೊನೆಯ ಸ್ವರ ಸವೆಯುವುದಿಲ್ಲ. ಪದ ಆದ ಮೇಲೆ ಮೂರೂ ಭಾಷೆಗಳವರ ಮುಂದಿಟ್ಟು ಕೇಳಲೇಬೇಕು. ‘ಸಾಕಾ’ ಎಂದು ಮಾಡಿದರೆ ಕನ್ನಡದವರಿಗೆ ಸಾಕೇ ಎಂದು ಕೇಳಿದಂತಾಗುತ್ತದೆ. ‘ಬೀಗಾ’ ಎಂದರೆ ಬೀಗರೂ ಬೀಗದ ಕೈಯೂ ನೆನಪಾಗುತ್ತವೆ. ‘ದೇಗಾ’ ಉರ್ದುವಿನಲ್ಲಿ ಕೊಡುತ್ತಾನೆ ಎಂಬ ಅರ್ಥದ್ದು. ‘ಮೇಲಾ’ ಎಂಬುದು ಮರಾಠಿಯಲ್ಲಿ ಸತ್ತನು ಎಂದಾಗುತ್ತದೆ. ಮನೆಯಲ್ಲಿ ಹಿರಿಯರ ಮುಂದೆ ಯಾರೂ ಅಂಥ ಅಂಕೆಯನ್ನು ಎಣಿಸಲು ಒಪ್ಪುವುದಿಲ್ಲ. ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುವ ರೈತರ ನಾಡಿನಲ್ಲಿ ಪದದ ಮಂಗಳ, ಅಮಂಗಳಗಳು ಲೆಕ್ಕಕ್ಕೆ ಬಾರದ ವಿಷಯವೆಂದು ತಿಳಿಯಬೇಡಿರಿ.

ಆರನೆಯ ಹೆಜ್ಜೆ: ಒಟ್ಟು ಸರಣಿಯಾಗಿ ಆರಿಸುವುದು, ಕಿವಿಯಿಂದ ಪರೀಕ್ಷಿಸುವುದು

ಒಂದೊಂದು ಪದಕ್ಕೂ ಬೇರೆ ಬೇರೆಯಾಗಿ ಮತ ಹಾಕಿಸಬೇಡಿರಿ. ‘ಮೂರ’ಕ್ಕೆ ಒಬ್ಬರ ಪದ ಗೆದ್ದು ‘ಎಂಟ’ಕ್ಕೆ ಇನ್ನೊಬ್ಬರ ಪದ ಗೆದ್ದರೆ, ಎರಡೂ ಬಿಡಿಯಾಗಿ ಚೆನ್ನಾಗಿದ್ದರೂ ಒಂದರ ಪಕ್ಕ ಒಂದಿಟ್ಟಾಗ ಬೆರೆತುಹೋಗುವಂತಿರಬಹುದು. ಸಂಖ್ಯಾಪದದ ಗುಣ ಅದರ ಒಡಹುಟ್ಟಿದ ಪದಗಳ ಜೊತೆ ನಿಂತಾಗ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಸೊನ್ನೆಯಿಂದ ಒಂಬತ್ತು, ಹತ್ತು, ನೂರು, ಸಾವಿರ, ಮುಂದುವರಿಕೆಯ ಅಂಟಿಕೆ, ಇಷ್ಟೂ ಸೇರಿದ ಪೂರ್ಣ ಸರಣಿಯನ್ನೇ ಸಲ್ಲಿಸಬೇಕೆಂದು ನಿಯಮ ಮಾಡಿರಿ. ಸಲ್ಲಿಸಿದವರ ಹೆಸರನ್ನು ಪರೀಕ್ಷೆ ಮುಗಿಯುವವರೆಗೆ ಗುಟ್ಟಾಗಿಡಿರಿ.

ಪರೀಕ್ಷೆ ಸರಳವಾದದ್ದು. ಒಬ್ಬರು ಇಪ್ಪತ್ತು ಸಂಖ್ಯೆಗಳನ್ನು ಓದಬೇಕು, ಉಳಿದವರು ಅಂಕೆಗಳಲ್ಲಿ ಬರೆದುಕೊಳ್ಳಬೇಕು. ಮೊದಲು ಶಾಂತವಾದ ಕೋಣೆಯಲ್ಲಿ, ಆಮೇಲೆ ಫೋನಿನಲ್ಲಿ, ಆಮೇಲೆ ಬಸ್ ನಿಲ್ದಾಣದಲ್ಲಿಯೋ ಸಂತೆಯಲ್ಲಿಯೋ ನಾಲ್ಕು ಮಾರು ದೂರ ನಿಂತು ನಡೆಸಿರಿ. ಓದುವವರ ಮನೆಮಾತು ಪ್ರತಿ ಸುತ್ತಿನಲ್ಲೂ ಬದಲಾಗಲಿ. ಪಟ್ಟಿಯಲ್ಲಿ 105, 150, 1005, 1050 ಇಂಥವು ಇರಲೇಬೇಕು. ಮುಗಿದ ಮೇಲೆ ಎಷ್ಟು ತಪ್ಪಾಯಿತು ಎಂಬುದಕ್ಕಿಂತ ಯಾವುದು ಯಾವುದಾಗಿ ಕೇಳಿಸಿತು ಎಂಬುದನ್ನು ಬರೆದಿಡಿರಿ. ಎರಡು ಅಂಕೆಗಳು ಪದೇ ಪದೇ ಅದಲುಬದಲಾದರೆ ತಪ್ಪು ಧ್ವನಿಯದ್ದು. ಅವುಗಳಲ್ಲಿ ಒಂದನ್ನು ಬದಲಿಸಿದರೆ ಸಾಕು. ಅಂಕೆಗಳು ಸರಿಯಿದ್ದು ಸ್ಥಾನ ತಪ್ಪಿದ್ದರೆ ತಪ್ಪು ಕಟ್ಟಣೆಯದ್ದು. ಮೂರನೆಯ ಹೆಜ್ಜೆಗೆ ಮರಳಬೇಕು. ಒಂದು ಭಾಷೆಯವರು ಓದಿದಾಗ ಮಾತ್ರ ತಪ್ಪು ಬರುತ್ತಿದ್ದರೆ ಅವರ ಬಾಯಿಗೆ ಒಗ್ಗದ ಧ್ವನಿಯೊಂದು ಉಳಿದುಕೊಂಡಿದೆ ಎಂದರ್ಥ, ಮತ್ತು ಆಗ ಬದಲಾಗಬೇಕಾದದ್ದು ಪದವೇ ಹೊರತು ಅವರ ಉಚ್ಚಾರವಲ್ಲ. ಬಹುಮತದ ಹೆಸರಿನಲ್ಲಿ ಈ ಕೊನೆಯ ಮಾತನ್ನು ಗುಂಪುಗಳು ಬಹಳ ಬೇಗ ಮರೆಯುತ್ತವೆ.

ಏಳನೆಯ ಹೆಜ್ಜೆ: ಸಂಖ್ಯೆಯಿಂದ ಹುಟ್ಟುವ ಉಳಿದ ಪದಗಳು

ಕನ್ನಡ ಮನುಷ್ಯರನ್ನು ಬೇರೆಯಾಗಿ ಎಣಿಸುತ್ತದೆ: ಒಬ್ಬರು, ಇಬ್ಬರು, ಮೂವರು, ನಾಲ್ವರು. ಆಡುಮಾತಿನಲ್ಲಿ ಹೆಚ್ಚಿನ ಸಂಖ್ಯೆಗೆ ‘ಮಂದಿ’ ಸೇರಿಸಿ ಮುಗಿಸುತ್ತೇವೆ. ಈ ಭೇದ ಬೇಕೆನಿಸಿದರೆ ‘ಮಂದಿ’ಯಂಥ ಒಂದೇ ಪದದಿಂದ ಎಲ್ಲ ಸಂಖ್ಯೆಗಳಿಗೂ ಸಾಧಿಸಿರಿ, ನಾಲ್ಕೈದು ವಿಶೇಷ ರೂಪಗಳನ್ನು ಮಾಡಬೇಡಿರಿ. ಮೂರನೆಯ, ಮೂರು ಸಲ, ಮುಮ್ಮಡಿ, ಮೂರ್ಮೂರು ಎಂಬ ನಾಲ್ಕು ಅರ್ಥಗಳಿಗೂ ಒಂದೊಂದು ಪ್ರತ್ಯಯ ಬೇಕು, ಮತ್ತು ಅದು ಒಂದರಿಂದ ಸಾವಿರದವರೆಗೆ ಬದಲಾಗದೆ ನಡೆಯಬೇಕು. ‘ಒಂದನೆಯ’ ಇರುವಾಗ ‘ಮೊದಲನೆಯ’ ಬೇಡ.

ಭಿನ್ನರಾಶಿಗಳ ಬಗ್ಗೆ ಗುಂಪಿನಲ್ಲಿ ಚರ್ಚೆ ಕಾವೇರುವುದು ಸಹಜ, ಏಕೆಂದರೆ ಇವು ನಮ್ಮ ನಿತ್ಯದ ಮಾತಿನಲ್ಲಿ ಆಳವಾಗಿ ಬೇರೂರಿವೆ. ‘ದೀಡ ತಾಸು’, ‘ಅಡೀಚ ಕಿಲೋ’, ‘ಸವ್ವಾ ನೂರು’ ಎನ್ನದ ಬೆಳಗಾವಿಯ ವ್ಯಾಪಾರಿ ಸಿಗುವುದು ಕಷ್ಟ. ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ. ಸವ್ವಾ ತಾನಿರುವಾಗ ಒಂದೂಕಾಲು, ನೂರು, ಸಾವಿರಗಳ ಮುಂದೆ ಒಂದೂಕಾಲು ಪಟ್ಟು (ಸವ್ವಾ ನೂರು ಎಂದರೆ 125), ಬಿಡಿ ಸಂಖ್ಯೆಯ ಮುಂದೆ ಬಂದಾಗ ಅದಕ್ಕೆ ಕಾಲು ಸೇರಿಸುತ್ತದೆ. ಪಾವಣೆ ಕಾಲು ಕಡಿಮೆ ಮಾಡುತ್ತದೆ. ಸಾಡೆ ಮೂರಕ್ಕೂ ಅದರ ಮೇಲಿನವಕ್ಕೂ ಅರ್ಧ ಸೇರಿಸುತ್ತದೆ, ಒಂದು ಮತ್ತು ಎರಡಕ್ಕೆ ಹೊಂದುವುದಿಲ್ಲ. ವೇಗದ ವ್ಯಾಪಾರಕ್ಕೆ ಇವುಗಳಷ್ಟು ಚುರುಕಾದ ಪದಗಳಿಲ್ಲ, ಆದರೆ ಹೊರಗಿನವರಿಗೆ ಇವುಗಳಷ್ಟು ಕಠಿಣವಾದವೂ ಇಲ್ಲ. ಕನ್ನಡದ ‘ಒಂದೂವರೆ, ಎರಡೂವರೆ, ಮೂರೂವರೆ’ ಎಂಬ ಕ್ರಮ ಎಲ್ಲ ಸಂಖ್ಯೆಗಳಿಗೂ ಒಂದೇ ರೀತಿ ಸಾಗುವುದರಿಂದ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಲೇಸು. ಅರ್ಧ, ಕಾಲು, ಮುಕ್ಕಾಲು ಇವಕ್ಕೆ ಚಿಕ್ಕ ಪದಗಳಿರಲಿ, ಉಳಿದ ಭಿನ್ನಗಳಿಗೆ ಎಸ್ಪೆರಾಂಟೊದಂತೆ ಒಂದು ಪ್ರತ್ಯಯ ಸಾಕು. ಅಲ್ಲಿ ‘ಕ್ವಾರ್’ ನಾಲ್ಕಾದರೆ ‘ಕ್ವಾರೋನೊ’ ನಾಲ್ಕರಲ್ಲೊಂದು ಭಾಗ. ದಶಾಂಶಕ್ಕೆ ‘ಚುಕ್ಕೆ’ಯಂಥ ಒಂದು ಪದವಿಟ್ಟು ಮುಂದಿನ ಅಂಕೆಗಳನ್ನು ಸಾಲಾಗಿ ಹೇಳಿರಿ. ಅಂದಾಜಿಗೆ ನಮ್ಮ ‘ನಾಲ್ಕೈದು’ ರೂಪವನ್ನು ಉಳಿಸಿಕೊಳ್ಳಲು ಸ್ಥಾನದ ಹೆಸರುಳ್ಳ ಪದ್ಧತಿ ಆಗಲೇ ದಾರಿ ಮಾಡಿಕೊಟ್ಟಿರುತ್ತದೆ, ಬಿಟ್ಟುಕೊಡಬೇಡಿರಿ.

ಎಂಟನೆಯ ಹೆಜ್ಜೆ: ಬರೆದಿಟ್ಟು ಬೀಗ ಹಾಕುವುದು

ತೀರ್ಮಾನವಾದ ಪದಗಳ ಪಟ್ಟಿಯ ಪಕ್ಕದಲ್ಲಿ ಪ್ರತಿ ತೀರ್ಮಾನದ ಕಾರಣವನ್ನೂ, ಬಿಟ್ಟುಬಿಟ್ಟ ಪದಗಳನ್ನೂ ಏಕೆ ಬಿಟ್ಟಿರೆಂಬುದನ್ನೂ ಬರೆದಿಡಿರಿ. ಹೊಸದಾಗಿ ಸೇರಿದವರು ‘ಮೇಲಾ’ ಎಂಬ ಪದವನ್ನು ಮತ್ತೆ ಸೂಚಿಸಿದಾಗ ಇಡೀ ಚರ್ಚೆಯನ್ನು ಮೊದಲಿನಿಂದ ನಡೆಸುವ ಶ್ರಮ ತಪ್ಪುತ್ತದೆ. ಎಸ್ಪೆರಾಂಟೊದವರು 1905ರಲ್ಲಿ ಭಾಷೆಯ ಮೂಲ ನಿಯಮಗಳನ್ನು ಬದಲಿಸಲಾಗದ ಬುನಾದಿಯೆಂದು ಒಪ್ಪಿಕೊಂಡರು. 1907ರಲ್ಲಿ ಇದೋ ಎಂಬ ಸುಧಾರಿತ ರೂಪ ಬೇರೆಯಾಗಿ ಹೋದಾಗಲೂ ಆ ಬುನಾದಿ ಕದಲಲಿಲ್ಲ. ಉಳಿದ ಪದಗಳನ್ನು ಬೇಕಾದಾಗ ತಿದ್ದಿಕೊಳ್ಳಿರಿ, ಸಂಖ್ಯೆಗಳನ್ನು ಮಾತ್ರ ಒಮ್ಮೆ ಗಟ್ಟಿಮಾಡಿದ ಮೇಲೆ ಮುಟ್ಟಬೇಡಿರಿ, ಏಕೆಂದರೆ ಹಳೆಯ ಸರಣಿಯಲ್ಲಿ ಬರೆದ ಒಂದು ಲೆಕ್ಕವನ್ನು ಹೊಸ ಸರಣಿಯಲ್ಲಿ ಓದಿದವರಿಗೆ ಅದು ತಪ್ಪು ಎಂಬ ಸುಳಿವೇ ಸಿಗುವುದಿಲ್ಲ. ಪಟ್ಟಿಯನ್ನು ಕನ್ನಡ, ದೇವನಾಗರಿ, ಉರ್ದು ಈ ಮೂರೂ ಲಿಪಿಗಳಲ್ಲಿ ಬರೆದು, ಪ್ರತಿ ಲಿಪಿಯ ಪಟ್ಟಿಯನ್ನು ಆ ಭಾಷೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಧ್ವನಿಮುದ್ರಣವನ್ನೂ ಪಟ್ಟಿಯ ಜೊತೆಗೇ ಇಡಿರಿ.